ಯಾರದೋ ತಟ್ಟೆಯ ಅಡಿಕೆ

ಬೆಂಗಳೂರು ವಿಮಾನ ನಿಲ್ದಾಣ

ವಿಯೆಟ್ನಾಂಗೆ ಹೋಗಿಬಂದೆ ಅಂದರೆ ಸಾಕು, "ಅಲ್ಲಿ ಹಾವು ತಿಂತಾರಂತೆ, ಹೌದೇನ್ರಿ?" ಅಂತ ಕೇಳುತ್ತಾರೆ. ತಿಂತಾರೋ ಬಿಡ್ತಾರೋ ನಾನು ನೋಡಲಿಲ್ಲ. ನಾನು ನೋಡಿದ್ದು ನನ್ನ ತಲೆ ತಿನ್ನುವವರನ್ನು. ಆ ಇಬ್ಬರೂ ಅಲ್ಲಿಯವರಲ್ಲ, ಇಲ್ಲಿಂದಲೇ ನಮ್ಮ ಜೊತೆ ಬಂದವರು.

ಒಬ್ಬರು ನಮ್ಮ ಯಜಮಾನರು, ರುದ್ರಪ್ಪ. ಹೊನ್ನಾಳಿಯಲ್ಲಿ ಅಡಿಕೆ ಮಂಡಿ ಇಟ್ಟವರು. ಇನ್ನೊಬ್ಬರು ಅವರ ಗೆಳೆಯ ಚನ್ನಗಿರಿಯ ಹಾಲೇಶಪ್ಪ, ಅವರದೂ ಅದೇ ವ್ಯಾಪಾರ. ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ಒಬ್ಬರು ಪರ, ಒಬ್ಬರು ವಿರೋಧ ನಿಂತಿದ್ದರಂತೆ. ಇವತ್ತಿನವರೆಗೂ ಇಬ್ಬರೂ ವೇದಿಕೆ ಇಳಿದಿಲ್ಲ. ಮನುಷ್ಯಕುಲ ದಿನದಿನಕ್ಕೆ ಮುಂದೆ ಹೋಗ್ತಾ ಐತೆ ಅಂತ ನಮ್ಮವರು. ದಿನದಿನಕ್ಕೆ ಹಾಳಾಗ್ತಾ ಐತೆ ಅಂತ ಹಾಲೇಶಪ್ಪ. ಸತಿ ಪದ್ಧತಿ ಹೋಗಲಾಡಿಸಿದ್ದು, ಓಟಿನ ಹಕ್ಕು, ಮೊಬೈಲು, ಜೀನ್ಸ್ ಪ್ಯಾಂಟು, ಏನು ಸಿಕ್ಕರೂ ಸಾಕು, ಶುರು. ಮಂಡಿಯಲ್ಲಾದರೆ ಗಿರಾಕಿ ಬಂದಾಗ ನಿಲ್ಲಿಸುತ್ತಾರೆ. ಪ್ರವಾಸದಲ್ಲಿ ಗಿರಾಕಿ ಎಲ್ಲಿಂದ ತರಲಿ?

ಕೌಂಟರಿನ ಹುಡುಗಿ ಪಾಪ, "ಕೈಚೀಲದಲ್ಲಿ ಚಾಕು, ಕತ್ತರಿ ಏನಾದ್ರೂ ಇದೆಯಾ ಸರ್?" ಅಂತ ಕೇಳಿದಳು.

"ಚಾಕು ಇಲ್ಲಮ್ಮ. ಅಡಕತ್ತರಿ ಐತೆ," ಅಂತ ಇವರು ತೆಗೆದೇ ತೋರಿಸಿದರು. ಹಿತ್ತಾಳೆ ಹಿಡಿ, ಕಬ್ಬಿಣದ ಅಲಗು, ನಮ್ಮ ಮಾವನವರ ಕಾಲದ್ದು. ಅದನ್ನು ದೊಡ್ಡ ಬ್ಯಾಗಿಗೆ ಹಾಕಿ ಅಂದದ್ದೇ ತಪ್ಪಾಯಿತು. ಒಬ್ಬ ಪ್ರಜೆ ತನ್ನ ಅಡಿಕೆ ತಾನು ಕತ್ತರಿಸಿಕೊಳ್ಳುವುದಕ್ಕೂ ಸ್ವಾತಂತ್ರ್ಯ ಇಲ್ಲವೇ ಅಂತ ಇವರು. ಶಿಸ್ತಿಲ್ಲದ ಸ್ವಾತಂತ್ರ್ಯ ಸ್ವೇಚ್ಛೆ ಅಂತ ಹಾಲೇಶಪ್ಪ. ಹಿಂದಿನ ಸಾಲಿನವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅಯ್ಯೋ ಶಿವನೇ ಅಂತ ನಾನೇ ಅಡಕತ್ತರಿ ಕಿತ್ತುಕೊಂಡು ದೊಡ್ಡ ಬ್ಯಾಗಿನ ಬಟ್ಟೆಯೊಳಗೆ ತುರುಕಿದೆ.

ನಮ್ಮ ಜೊತೆ ಹಾಲೇಶಪ್ಪನವರ ಹೆಂಡತಿ ನಾಗರತ್ನ ಬಂದಿದ್ದರು. ಈಕೆ ಅವರಿಗೆ ಎರಡನೆಯವರು. ಮೊದಲನೆಯಾಕೆ ತೀರಿಕೊಂಡು ವರ್ಷ ತುಂಬುವುದರೊಳಗೇ ಮದುವೆ ಆಗಿತ್ತು. ಗಂಡ ಮಾತು ಶುರು ಮಾಡಿದ ಕೂಡಲೇ ಆಕೆ ಕಣ್ಣು ಮುಚ್ಚಿಬಿಡುತ್ತಿದ್ದರು. ಆ ವಿದ್ಯೆ ನನಗೆ ಬರಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

ಮತ್ತೆ ಗಿರಿಜಾ. ಇವರ ತಂಗಿ, ನನ್ನ ನಾದಿನಿ. ನಿಜ ಹೇಳಬೇಕೆಂದರೆ ಈ ಪ್ರವಾಸ ಹೊರಟಿದ್ದೇ ಅವಳ ಸಲುವಾಗಿ. ಗೋವಿನಕೋವಿಯ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ. ನಲವತ್ತರ ಹತ್ತಿರದ ವಯಸ್ಸು. ಗಂಡ ಹೋಗಿ ಆರೇಳು ವರ್ಷವಾಯಿತು, ಮಕ್ಕಳಿಲ್ಲ, ನಮ್ಮ ಮನೆಯಲ್ಲೇ ಇದ್ದಾಳೆ. ಜಗಳೂರು ಕಡೆಯ ಮೇಷ್ಟ್ರೊಬ್ಬರು ಟ್ರೈನಿಂಗಿನಲ್ಲಿ ಪರಿಚಯ ಆದವರು. ಹೆಂಡತಿಯನ್ನು ಕಳೆದುಕೊಂಡವರು, ಒಳ್ಳೆಯ ಮನುಷ್ಯ. ಮದುವೆ ಆಗೋಣವೇ ಅಂತ ಕೇಳಿದ್ದಾರೆ. ಇವಳಿಗೂ ಮನಸ್ಸಿದೆ. ಆದರೆ ಅಣ್ಣ, "ನಮ್ಮ ಮನೆತನದಾಗೆ ಅದೆಲ್ಲ ಇಲ್ಲ," ಅಂದುಬಿಟ್ಟರು. ಮೇಷ್ಟ್ರ ಕಡೆಯವರಿಗೆ "ಫಾರಿನ್ನಿಗೆ ಹೋಗಿ ಬಂದು ಹೇಳ್ತೀವಿ" ಅಂತ ಹೇಳಿ ಕಳಿಸಿದರು. ನಾಲ್ಕು ಊರು ನೋಡಿದರೆ ಅವಳ ಮನಸ್ಸು ತಿರುಗುತ್ತದೆ ಅನ್ನುವುದು ಇವರ ಲೆಕ್ಕ.

"ನೀನು ನಿನ್ನ ಪಾಡಿಗೆ ರಿಜಿಸ್ಟರ್ ಮಾಡಿಸ್ಕೊಂಡು ಬಿಡು ಗಿರಿಜಾ," ಅಂತ ನಾನು ಹೇಳಿದ್ದೆ.

"ಓಡಿಹೋದೋಳ ಹಂಗೆ ಹೋಗಾಕೆ ನಾನೇನು ತಪ್ಪು ಮಾಡೀನಿ ಅತ್ತಿಗೆ? ಅಣ್ಣ ಬಾಗಿಲಿಗೆ ಬಂದು ನಿಂತು ಕಳಿಸ್ಬೇಕು. ಇಲ್ಲಾಂದ್ರೆ ಬೇಡವೇ ಬೇಡ," ಅಂದಿದ್ದಳು.

ಮುಂದೆ ಹೋಗುವ ಮನುಷ್ಯಕುಲದಲ್ಲಿ ಇವರ ತಂಗಿಯೊಬ್ಬಳಿಗೆ ಜಾಗ ಇರಲಿಲ್ಲ. ಗೆಳೆಯರಿಬ್ಬರಿಗೂ ಒಮ್ಮತ ಇದ್ದದ್ದು ಅದೊಂದೇ ವಿಷಯದಲ್ಲಿ.

ಹನೋಯ್, ರಸ್ತೆ ಮಧ್ಯ

ಹನೋಯ್ ಊರಲ್ಲಿ ಮನುಷ್ಯರಿಗಿಂತ ಸ್ಕೂಟರು ಜಾಸ್ತಿ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಮುಂದೆ ಸಂತೆ ದಿನ ದಾಟುವುದೇ ಕಷ್ಟ ಅಂದುಕೊಂಡಿದ್ದವಳು ನಾನು. ಇಲ್ಲಿ ನೋಡಿ ಎದೆ ಝಲ್ಲೆಂದಿತು. ನಮ್ಮ ಗೈಡ್ ಲಾನ್ ಅನ್ನುವ ಹುಡುಗಿ, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದಳು. ದಾಟುವ ಕ್ರಮ ಹೇಳಿಕೊಟ್ಟಳು: ಓಡಬೇಡಿ, ನಿಲ್ಲಬೇಡಿ, ನಿಧಾನಕ್ಕೆ ನಡೆಯುತ್ತಲೇ ಇರಿ, ಸ್ಕೂಟರಿನವರೇ ನಿಮ್ಮ ಅಕ್ಕಪಕ್ಕದಲ್ಲಿ ಹೋಗುತ್ತಾರೆ. ಹೇಳಿದಂತೆಯೇ ಆಯಿತು. ಒಬ್ಬರೂ ಬೈಯಲಿಲ್ಲ. ನಮ್ಮ ಕಡೆಯಾಗಿದ್ದರೆ ಇಷ್ಟೊತ್ತಿಗೆ ನಮ್ಮ ಹಿರಿಯರನ್ನೆಲ್ಲ ಎತ್ತಿ ಆಡಿರುತ್ತಿದ್ದರು.

ನಾವು ಮೂವರು ಹೆಂಗಸರು ಆಚೆ ದಡ ಮುಟ್ಟಿ ಹಿಂತಿರುಗಿ ನೋಡಿದರೆ ಇವರಿಬ್ಬರೂ ನಡುರಸ್ತೆಯಲ್ಲಿ ನಿಂತಿದ್ದಾರೆ!

"ನೋಡೋ ಹಾಲೇಶ, ಪೊಲೀಸಿಲ್ಲ, ಸಿಗ್ನಲ್ಲಿಲ್ಲ, ಆದ್ರೂ ಒಬ್ರಿಗೊಬ್ರು ಜಾಗ ಕೊಡ್ತಾರೆ. ಇದಪ್ಪ ಸ್ವಾತಂತ್ರ್ಯ ಅಂದ್ರೆ!"

"ಇದು ಸ್ವಾತಂತ್ರ್ಯ ಅಲ್ಲ ಮಾರಾಯ, ದೊಂಬಿ. ಹಿಂದೆ ರಾಜರ ಕಾಲದಾಗೆ ಹಿಂಗಿತ್ತೇನು?"

"ರಾಜರ ಕಾಲದಾಗೆ ಸ್ಕೂಟರು ಎಲ್ಲಿತ್ತೋ?"

"ರೀ! ಈ ಕಡೆಗಾದ್ರೂ ಬನ್ರಿ, ಆ ಕಡೆಗಾದ್ರೂ ಹೋಗ್ರಿ!" ಅಂತ ನಾನು ಗಂಟಲು ಹರಿದುಕೊಂಡೆ. ಕೊನೆಗೆ ಲಾನ್ ಹೋಗಿ ಇಬ್ಬರ ತೋಳು ಹಿಡಿದು ಕರೆತಂದಳು.

ಆ ಮಧ್ಯಾಹ್ನ ಒಂದು ಹಳೇ ವಿದ್ಯಾಪೀಠಕ್ಕೆ ಹೋದೆವು. ಅಂಗಳದಲ್ಲಿ ಸಾಲಾಗಿ ಕಲ್ಲಿನ ಆಮೆಗಳು, ಒಂದೊಂದರ ಬೆನ್ನ ಮೇಲೂ ಒಂದು ಶಾಸನ. ಹಿಂದಿನ ಕಾಲದಲ್ಲಿ ರಾಜರ ಪರೀಕ್ಷೆ ಪಾಸಾದವರ ಹೆಸರಂತೆ. ವಿದ್ಯೆಗೆ ಮರ್ಯಾದೆ ಇದ್ದ ಕಾಲ ಅಂತ ಹಾಲೇಶಪ್ಪ. ಇವತ್ತು ಎಲ್ಲರೂ ಪರೀಕ್ಷೆ ಬರೀಬಹುದು, ಇದೇ ಪ್ರಗತಿ ಅಂತ ಇವರು. ಗಿರಿಜಾ ಸಾಲು ಪೂರ್ತಿ ನಡೆದುಬಂದು ಲಾನ್‌ಗೆ ಕೇಳಿದಳು, ಇದರಲ್ಲಿ ಹೆಂಗಸರ ಹೆಸರು ಎಷ್ಟಿವೆ ಅಂತ. ಒಂದೂ ಇಲ್ಲ ಅಂತ ಲಾನ್ ನಕ್ಕಳು. ಚರ್ಚೆ ಮಾಡುವವರಿಬ್ಬರಿಗೂ ಅದು ಕೇಳಿಸಲಿಲ್ಲ.

ಹನೋಯ್, ಹೆಂಗಸರ ಮ್ಯೂಸಿಯಂ

ಮಾರನೇ ದಿನ ಹೆಂಗಸರ ಬದುಕಿಗೇ ಅಂತ ಮಾಡಿದ ಮ್ಯೂಸಿಯಂ ನೋಡಿದೆವು. ಒಂದು ಗಾಜಿನ ಪೆಟ್ಟಿಗೆಯ ಮುಂದೆ ಇವರು ಗಕ್ಕನೆ ನಿಂತರು. ಒಳಗೆ ಕೆಂಪು ತಟ್ಟೆ, ವೀಳ್ಯದೆಲೆ, ಅಡಿಕೆ ಗೊನೆ, ಸುಣ್ಣದ ಡಬ್ಬಿ! ವೀಳ್ಯದೆಲೆ ಅಡಿಕೆ ಇಲ್ಲದೆ ಇಲ್ಲಿ ಮದುವೆ ಮಾತೇ ಎತ್ತುವ ಹಾಗಿಲ್ಲ, ಹುಡುಗನ ಕಡೆಯವರು ತಂದ ಅಡಿಕೆಯನ್ನು ಹೆಣ್ಣಿನ ಕಡೆಯವರು ತಗೊಂಡರೆ ಒಪ್ಪಿದಂತೆ ಅಂತ ಲಾನ್ ಹೇಳಿದಳು. ನಮ್ಮ ವೀಳ್ಯಶಾಸ್ತ್ರ ಇದ್ದ ಹಾಗೇ ಇದೆಯಲ್ಲ ಅಂತ ನನಗೂ ಖುಷಿಯಾಯಿತು. ಇವರಂತೂ ಆ ಮ್ಯೂಸಿಯಂ ತಾವೇ ಕಟ್ಟಿಸಿದ ಹಾಗೆ ಎದೆಯುಬ್ಬಿಸಿದರು.

ಖುಷಿಯಾದರೆ ಇವರಿಗೆ ಭಾಷಣ ಬರುತ್ತದೆ. ತಮ್ಮ ಮುರುಕು ಇಂಗ್ಲಿಷಿನಲ್ಲಿ ಲಾನ್‌ಗೆ ಹನ್ನೆರಡನೇ ಶತಮಾನ ಶುರು ಮಾಡಿದರು. ನಮ್ಮ ಶರಣರು ಆ ಕಾಲಕ್ಕೇ ಹೆಣ್ಣು ಗಂಡು ಒಂದೇ ಅಂದರು, ಜಗತ್ತಿಗೇ ದಾರಿ ತೋರಿಸಿದರು, ಇತ್ಯಾದಿ. ಆ ಹುಡುಗಿ ತಲೆ ಆಡಿಸಿ ಆಡಿಸಿ ಸುಸ್ತಾಗಿದ್ದಳು.

"ಅಷ್ಟು ಹಿಂದಕ್ಕೆ ಯಾಕೆ ಹೋಗ್ತಿ ಅಣ್ಣ?" ಅಂದಳು ಗಿರಿಜಾ. "ನಮ್ಮಜ್ಜಿಗೆ ಸೀರುಡಿಕೆ ಆಗಿತ್ತಲ್ಲ, ಅದನ್ನ ಹೇಳು."

"ಶ್! ಹಾಲೇಶ ಇದಾನೆ!"

ಸೀರುಡಿಕೆ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬರ ಮನೆ ತುಂಬಿಸುತ್ತಿದ್ದ ಪದ್ಧತಿ. ಚಪ್ಪರ ಇಲ್ಲ, ಓಲಗ ಇಲ್ಲ. ಕತ್ತಲಾದ ಮೇಲೆ, ಹಿಂದಿನ ಕೋಣೆಯಲ್ಲಿ, ಸಣ್ಣ ದೀಪ ಇಟ್ಟುಕೊಂಡು ಮಾಡುತ್ತಿದ್ದರು. ಮುತ್ತೈದೆಯರು ಆ ಕಡೆ ಸುಳಿಯುವ ಹಾಗಿರಲಿಲ್ಲ. ಕಳ್ಳರ ಹಾಗೆ ಮಾಡುತ್ತಿದ್ದರು, ಆದರೂ ಮಾಡುತ್ತಿದ್ದರು. ಇವರಜ್ಜಿಯ ಆ ಎರಡನೇ ಮನೆಯಲ್ಲೇ ನಮ್ಮ ಮಾವ ಹುಟ್ಟಿದ್ದು. ಆಮೇಲೆ ಅಡಿಕೆಗೆ ರೇಟು ಬಂತು, ಮನೆಗೆ ಮರ್ಯಾದೆ ಬಂತು, ಸೀರುಡಿಕೆ ಅನ್ನುವ ಮಾತೇ ಬಾಯಿಂದ ಹೋಯಿತು. ಓದು ಬರಹ ಬಾರದ ಮುತ್ತಜ್ಜ ತನ್ನ ಮಗಳಿಗೆ ಮಾಡಿದ್ದನ್ನು ಡಿಗ್ರಿ ಮಾಡಿದ ಮರಿಮಗ ತಂಗಿಗೆ ಮಾಡಲಾರ. ಇದು ಮುಂದೆ ಹೋದದ್ದೋ, ಹಾಳಾದದ್ದೋ? ನೀವೇ ತೀರ್ಮಾನ ಮಾಡಿ. ನನಗೆ ತಲೆ ಚಿಟ್ಟು ಹಿಡಿದಿತ್ತು.

ಅವತ್ತು ರೂಮಿನಲ್ಲಿ ನಾನು ಬಾಯಿಬಿಟ್ಟೇ ಕೇಳಿದೆ. "ಅಲ್ರೀ, ಊರಿನವರ ಸ್ವಾತಂತ್ರ್ಯ ಎಲ್ಲ ನಿಮಗೆ ಬೇಕು. ಗಿರಿಜಂದು ಯಾಕೆ ಬೇಡ?"

"ನಿಂಗೆ ತಿಳಿಯಂಗಿಲ್ಲ ಸುಮ್ನಿರೇ. ಚರ್ಚೆ ಬೇರೆ, ಮನೆ ಬೇರೆ," ಅಂದರು. ಮಗ್ಗುಲಾಗಿ ಮಲಗಿ ಗೊರಕೆ ಹೊಡೆದರು. ನನಗೆ ಅಳುವಷ್ಟು ಸಿಟ್ಟು ಬಂತು.

ದೋಣಿಯಲ್ಲಿ

ಹನೋಯ್‌ನಿಂದ ದಕ್ಷಿಣಕ್ಕೆ ಬಂದರೆ ಗದ್ದೆ, ಗದ್ದೆ ಮಧ್ಯೆ ಸುಣ್ಣದ ಕಲ್ಲಿನ ಗುಡ್ಡ, ಗುಡ್ಡದ ಕೆಳಗೆ ಹೊಳೆ. ದೋಣಿ ನಡೆಸುವವರು ಹೆಚ್ಚಾಗಿ ಹೆಂಗಸರೇ. ಹುಟ್ಟು ಹಾಕುವುದು ಕೈಯಿಂದ ಅಲ್ಲ, ಕಾಲಿಂದ! ಹಿಂದಕ್ಕೆ ಒರಗಿ ಕೂತು, ಪಾದದಲ್ಲಿ ಹುಟ್ಟು ಹಿಡಿದು ಆರಾಮಾಗಿ ತುಳಿಯುತ್ತಾರೆ. ಖಾಲಿ ಇದ್ದ ಕೈಯಲ್ಲಿ ನಮ್ಮ ದೋಣಿಯವಳು ಕಸೂತಿ ಬಟ್ಟೆ ಬಿಚ್ಚಿ ವ್ಯಾಪಾರಕ್ಕೂ ಇಳಿದಳು.

"ಹೆಣ್ಮಕ್ಕಳು ಹಿಂಗೆ ಕಾಲು ಚಾಚಿ ಕೂರೋದು..." ಅಂತ ಹಾಲೇಶಪ್ಪ ರಾಗ ತೆಗೆದರು.

"ಆ ಕಾಲಿಂದಲೇ ನೀವು ದಡ ಮುಟ್ಟಬೇಕು ಹಾಲೇಶಪ್ಪಾರೆ, ಸುಮ್ನೆ ಕೂತ್ಕಳಿ," ಅಂದೆ.

ಆಮೇಲೆ ನೀರು ನೋಡಿ ಅವರಿಗೆ ಊರು ನೆನಪಾಯಿತು. ನಮ್ಮ ತಾಲ್ಲೂಕಿನಲ್ಲಿ ಇದಕ್ಕಿಂತ ದೊಡ್ಡ ಕೆರೆ ಇದೆ, ಶತಮಾನಗಳ ಹಿಂದೆ ಕಟ್ಟಿದ್ದು, ಅಂತ ಲಾನ್‌ಗೆ ಹೇಳಿದರು. ಹೆಸರೇನು ಅಂದಳು. "ಶಾಂತಿಸಾಗರ," ಅಂದರು ಇಬ್ಬರೂ ಒಟ್ಟಿಗೆ.

"ಸೂಳೆಕೆರೆ," ಅಂದಳು ಗಿರಿಜಾ. ಅರ್ಥವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. "ಜಾಗ ಬಿಟ್ಟುಕೊಟ್ಟ ಹೆಂಗಸರು ತಮ್ಮ ಹೆಸರೇ ಇಡ್ಬೇಕು ಅಂತ ಕೇಳಿದ್ರಂತೆ. ಆಗಿನವರು ಇಟ್ರು. ಈಗಿನವರಿಗೆ ಹೇಳಾಕೆ ನಾಚಿಕೆ."

ಇಬ್ಬರೂ ಗಂಡಸರು ಗುಡ್ಡ ನೋಡತೊಡಗಿದರು. ದೋಣಿಯವಳಿಗೆ ಲಾನ್ ಅದನ್ನು ತಮ್ಮ ಭಾಷೆಯಲ್ಲಿ ಹೇಳಿರಬೇಕು. ಆಕೆ ಗಿರಿಜಾಳ ಕಡೆ ನೋಡಿ ಜೋರಾಗಿ ನಕ್ಕು ಎರಡು ತುಳಿತ ಜಾಸ್ತಿ ತುಳಿದಳು.

ಮದುವೆ ಮನೆ

ದೋಣಿ ಇಳಿದು ಊಟಕ್ಕೆ ಒಂದು ಹಳ್ಳಿ ಮನೆಗೆ ಹೋದೆವು. ನಮಗೆ ಅನ್ನ, ತೋಫು, ಸೊಪ್ಪಿನ ಸಾರು. ಸಾರಿಗೆ ಮೀನಿನ ರಸ ಹಾಕಿದ್ದಾರೋ ಇಲ್ಲವೋ ಅಂತ ಅರ್ಧ ಗಂಟೆ ವಿಚಾರಣೆ ನಡೆಯಿತು, ಅದನ್ನು ಬಿಡಿ. ಪಕ್ಕದ ಮನೆಯಲ್ಲಿ ಶಾಮಿಯಾನ, ಮೈಕು, ಕೆಂಪು ಪ್ಲಾಸ್ಟಿಕ್ ಕುರ್ಚಿ. ಮದುವೆ! ಆ ಮನೆಯವರು ನಮ್ಮ ಸೀರೆ ನೋಡಿ, ಬನ್ನಿ ಬನ್ನಿ ಅಂತ ಕೈ ಹಿಡಿದು ಎಳೆದರು. ಹುಡುಗನ ಕಡೆಯವರು ಆಗತಾನೇ ಬಂದಿದ್ದರು. ಮೇಜಿನ ಮೇಲೆ ಸಾಲಾಗಿ ಕೆಂಪು ತಟ್ಟೆಗಳು. ಒಂದರಲ್ಲಿ ಹಸಿರು ಅಡಿಕೆ ಗೊನೆ, ಕೆಂಪು ದಾರ ಕಟ್ಟಿ, ಸುತ್ತ ವೀಳ್ಯದೆಲೆ ಜೋಡಿಸಿದ್ದರು.

ನಾನು ಹುಡುಗಿಯ ಸೀರೆ, ಅಲ್ಲ, ನಿಲುವಂಗಿ ಎಂಥದ್ದೋ ಅಂತ ಬಾಗಿಲ ಕಡೆ ನೋಡುತ್ತಿದ್ದೆ. ಅಷ್ಟರಲ್ಲಿ "ಕಟ್" ಅಂತ ಸದ್ದು.

ಆ ಸದ್ದು ನನಗೆ ಗೊತ್ತಿಲ್ಲವೇ? ತಿರುಗಿ ನೋಡಿದರೆ ನಮ್ಮ ಯಜಮಾನರು! ಎಡಗೈಯಲ್ಲಿ ಮದುವೆ ತಟ್ಟೆಯಿಂದ ಕಿತ್ತ ಅಡಿಕೆಕಾಯಿ, ಎರಡು ಹೋಳು. ಬಲಗೈಯಲ್ಲಿ ಅಡಕತ್ತರಿ, ಬ್ಯಾಗಿನಿಂದ ಜೇಬಿಗೆ ಯಾವಾಗ ಬಂದಿತ್ತೋ. ಮಂಡಿಯಲ್ಲಿ ಚೀಲ ಬಿಚ್ಚಿದ ಕೂಡಲೇ ಒಂದು ಕತ್ತರಿಸಿ ನೋಡುವ ಚಾಳಿ. ದೇವರ ಮುಂದಿಟ್ಟ ಅಡಿಕೆಯನ್ನೂ ಹೀಗೇ ಮಾಡಿ ಎರಡು ಸಲ ಬೈಸಿಕೊಂಡಿದ್ದಾರೆ.

"ತಿರುಳು ಇನ್ನೂ ಎಳಸು ಕಣೋ ಹಾಲೇಶ," ಅಂದರು.

ಮೈಕು ನಿಂತಿತು. ಲಾನ್‌ಳ ಮುಖ ಬಿಳಿಚಿಕೊಂಡಿತು. "ಸರ್, ಮದುವೆ ಅಡಿಕೆಗೆ ಕಬ್ಬಿಣ ಮುಟ್ಟಿಸಬಾರದು. ಕೈಯಲ್ಲಿ ಬಿಡಿಸಬೇಕು. ಕತ್ತರಿಸಿದರೆ ಸಂಬಂಧ ಕತ್ತರಿಸಿದ ಹಾಗೆ," ಅಂದಳು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವರು ಎರಡು ಹೋಳನ್ನೂ ಮತ್ತೆ ಜೋಡಿಸಿ ಹಿಡಿದು ನಿಂತರು. ಒಳಗಿಂದ ಒಬ್ಬಳು ಮುದುಕಿ ಬಂದಳು, ಹೆಣ್ಣಿನ ತಾಯಿಯಂತೆ. ಎಲೆಯಡಿಕೆ ಹಾಕಿ ಹಾಕಿ ಹಲ್ಲೆಲ್ಲ ಕರ್ರಗಾಗಿದ್ದವು. ಇವರ ಕೈಯಿಂದ ಎರಡೂ ಹೋಳು ತಗೊಂಡಳು, ನೋಡಿದಳು, ಒಂದು ಎಲೆಗೆ ಸುಣ್ಣ ಹಚ್ಚಿ ಅಡಿಕೆ ಸಮೇತ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಕತ್ತರಿಸಿದ ಅಡಿಕೆ ಎಲ್ಲಿ ಉಳಿಯಿತು ಇನ್ನು? ಎಲ್ಲರೂ ಹೋ ಅಂತ ನಕ್ಕರು. ನನಗೆ ಹೋದ ಜೀವ ಬಂತು.

ಮುದುಕಿ ಬಾಯಿ ತುಂಬ ರಸ ಇಟ್ಟುಕೊಂಡೇ ಏನೋ ಹೇಳಿದಳು. ತಟ್ಟೆಯಲ್ಲಿ ಒಂದು ಜಾಗ ಖಾಲಿಯಾಗಿದೆ, ಕಿತ್ತವರೇ ತುಂಬಬೇಕಂತೆ. ಅಂಗಳದಲ್ಲಿ ಒಂದು ಅಡಿಕೆ ಗೊನೆ ಇಳಿಸಿಟ್ಟಿದ್ದರು. ಇವರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದೊಂದನ್ನೇ ಮುಟ್ಟಿ, ತಿರುಗಿಸಿ, ಮೂಸಿ, ಉಗುರು ತಾಗಿಸಿ, ಚೆನ್ನಾಗಿರುವುದೊಂದನ್ನು ಆರಿಸಿದರು. ಮುದುಕಿ ಅವರ ಕೈ ಹಿಡಿದುಕೊಂಡು ತಟ್ಟೆಯಲ್ಲಿ ಇಡಿಸಿದಳು. ಹೆಣ್ಣಿನ ಕಡೆಯ ಹಿರಿಯರಾದಿರಿ ಸರ್ ಅಂತ ಲಾನ್ ಚಪ್ಪಾಳೆ ತಟ್ಟಿದಳು. ಇವರ ಮುಖ ಅರಳಿತು.

"ಹುಡುಗಿ ಎಲ್ಲಮ್ಮ? ಕರೀರಿ, ಒಳ್ಳೇದಾಗಲಿ ಅಂತೀನಿ."

ಹುಡುಗಿ ಬಂದಳು. ಹುಡುಗಿ ಅಲ್ಲ, ಗಿರಿಜಾಳಿಗಿಂತ ಎರಡು ವರ್ಷ ದೊಡ್ಡವಳೇ ಇರಬೇಕು. ಕೆಂಪು ನಿಲುವಂಗಿ ತೊಟ್ಟಿದ್ದಳು, ಕಿವಿಯ ಹತ್ತಿರ ಒಂದೆರಡು ನರೆಗೂದಲು. ಪಕ್ಕದಲ್ಲಿ ಮೀಸೆ ಬಂದ ಮಗ, ತಾಯಿಗೆ ಕೊಡೆ ಹಿಡಿದಿದ್ದ. ಮೊದಲ ಗಂಡ ತೀರಿಕೊಂಡು ತುಂಬ ವರ್ಷ ಆಯಿತು, ಅಣ್ಣ ತಮ್ಮ ಯಾರೂ ಇಲ್ಲ, ಅದಕ್ಕೇ ಅಜ್ಜಿಗೆ ನಿಮ್ಮನ್ನು ನೋಡಿ ಖುಷಿಯಾಯಿತು ಅಂದಳು ಲಾನ್.

ಇವರು ಎತ್ತಿದ ಕೈ ಎತ್ತಿಕೊಂಡೇ ನಿಂತರು. ಆ ಹೆಂಗಸು ಬಗ್ಗಿ ನಮಸ್ಕಾರ ಮಾಡಿದಳು. ಗಿರಿಜಾ ಅವಳನ್ನೂ ನೋಡಲಿಲ್ಲ, ತಟ್ಟೆಯನ್ನೂ ನೋಡಲಿಲ್ಲ. ಅಣ್ಣನನ್ನೇ ನೋಡುತ್ತಿದ್ದಳು. ಕೊನೆಗೆ ಇವರು, "ಒಳ್ಳೇದಾಗಲಿ ತಾಯಿ," ಅಂದರು. ದನಿ ಯಾರದೋ ಅನ್ನಿಸಿತು.

ವಾಪಸ್ ಬಸ್ಸು

ಬಸ್ ಹತ್ತಿದ ಕೂಡಲೇ ಹಾಲೇಶಪ್ಪ ಶುರು ಮಾಡಿದರು. "ನೋಡಿದ್ಯಾ ರುದ್ರಣ್ಣ? ಆ ವಯಸ್ಸಿನಾಗೆ, ಮಗನ ಮುಂದೆ! ನೀತಿ ಅಂಬೋದು ಎಲ್ಲಿಗೆ ಬಂತು?"

ಉತ್ತರ ಬಂದದ್ದು ಹಿಂದಿನ ಸೀಟಿನಿಂದ. ನಾಗರತ್ನ ಕಣ್ಣು ತೆರೆದಿದ್ದರು.

"ನಿಮ್ಮದು ಎರಡನೇದಲ್ವೇನ್ರಿ? ಅವತ್ತು ನೀತಿ ಯಾರ ಮನೆಗೆ ಹೋಗಿತ್ತು?"

ಇಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿಕೊಂಡರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಹಾಲೇಶಪ್ಪ ಹನೋಯ್ ಬರುವವರೆಗೂ ಕಿಟಕಿ ಬಿಟ್ಟು ಮುಖ ತಿರುಗಿಸಲಿಲ್ಲ.

ಗಿರಿಜಾ ಎದ್ದು ಬಂದು ಅಣ್ಣನ ಪಕ್ಕ ಕೂತಳು. "ಗುರುತಿಲ್ಲದೋಳ ತಟ್ಟೆಗೆ ಅಡಿಕೆ ಆರಿಸಿಕೊಟ್ಟೆ ಅಣ್ಣ. ಚೆನ್ನಾಗಿ ಆರಿಸಿದಿ. ನಮ್ಮನೇಲಿ ಯಾರು ಆರಿಸ್ತಾರೆ?"

ಅಷ್ಟೇ. ಅಳಲಿಲ್ಲ, ಜಗಳ ಮಾಡಲಿಲ್ಲ. ಹೋಗಿ ತನ್ನ ಜಾಗದಲ್ಲಿ ಕೂತಳು.

ಅಲ್ಲಿಂದ ಇವರು ಮೌನ. ವಿಮಾನದಲ್ಲಿ ಮೌನ, ಬೆಂಗಳೂರಲ್ಲಿ ಮೌನ, ದಾವಣಗೆರೆ ದಾಟಿದರೂ ಮೌನ. ಈ ಬಾಯಿ ಒಂದು ದಿನ ಮುಚ್ಚಲಿ ಅಂತ ಮದುವೆಯಾದಾಗಿನಿಂದ ಬೇಡಿಕೊಂಡವಳು ನಾನು. ಈಗ ಮುಚ್ಚಿದರೆ ಅದೂ ಕಾಟ! ಒಪ್ಪಿದರೋ, ಸಿಟ್ಟೋ, ಏನಂತ ತಿಳಿಯುವುದು? ಚರ್ಚೆಯನ್ನಾದರೂ ಕೇಳಬಹುದು, ಈ ಗುಮ್ಮನಗುಸಕತನವನ್ನು ಹೇಗೆ ಸಹಿಸುವುದು?

ಹೊನ್ನಾಳಿ

ಜಗಳೂರಿನಿಂದ ಫೋನ್ ಬಂತು. ಮದುವೆ ಮಾತಿಗೆ ಬರಬಹುದೇ ಅಂತ ಮೇಷ್ಟ್ರ ಅಕ್ಕ ಕೇಳಿದರು. ನಾನು ಫೋನ್ ಇವರ ಮುಂದೆ ಹಿಡಿದೆ. ಗಿರಿಜಾ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು.

ಇವರು ಗಂಟಲು ಸರಿಮಾಡಿಕೊಂಡರು. ಹನ್ನೆರಡನೇ ಶತಮಾನ ಬರುತ್ತದೆ ಅಂತ ನಾನು ಕಾದೆ. ಬರಲಿಲ್ಲ.

"ಬರಾಕೆ ಅಡ್ಡಿಯಿಲ್ಲಮ್ಮ," ಅಂದರು. "ಆದ್ರೆ ಮಧ್ಯಾಹ್ನ ಬನ್ನಿ. ಹೊರಗಡೆ ಪಡಸಾಲೇಲೇ ವೀಳ್ಯಶಾಸ್ತ್ರ. ಕತ್ತಲಾದ ಮೇಲೆ ಬೇಡ."

ಗಿರಿಜಾ ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು, ಬಹಳ ಹೊತ್ತು ನೀರು ಸುಮ್ಮನೆ ಹರಿಯುತ್ತಿತ್ತು.

ಅವರು ಬಂದ ದಿನ ಬಾಗಿಲಿಗೆ ತೋರಣ ಕಟ್ಟಿದ್ದೆವು. ಓಣಿಯ ಮುತ್ತೈದೆಯರನ್ನು ನಾನೇ ಮನೆಮನೆಗೆ ಹೋಗಿ ಕರೆದಿದ್ದೆ. ಬಂದವರು ಬಂದರು, ಮೂಗು ಮುರಿದವರು ಮುರಿದರು. ಮೇಷ್ಟ್ರು, ಅವರಕ್ಕ, ಇನ್ನೊಬ್ಬರು ಹಿರಿಯರು ಪಡಸಾಲೆಯಲ್ಲಿ ಕೂತು ಎರಡನೇ ಸಲ ಕಾಫಿ ಕುಡಿದು ಮುಗಿಸಿದ್ದರು. ತಟ್ಟೆಯಲ್ಲಿ ಎಲೆ ಇಟ್ಟಾಗಿದೆ, ಕಾಯಿ ಇಟ್ಟಾಗಿದೆ, ಅಡಿಕೆ ಇಲ್ಲ!

ಒಳಗೆ ಹೋಗಿ ನೋಡಿದರೆ ಇವರು ಕೋಣೆ ತುಂಬ ಪೇಪರ್ ಹಾಸಿ, ಮಂಡಿಯಿಂದ ತರಿಸಿದ ಬಟ್ಟಲಡಿಕೆ ಚೀಲ ಸುರಿದುಕೊಂಡು ಕೂತಿದ್ದಾರೆ. ಒಂದನ್ನು ಎತ್ತುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಬಿಸಾಡುತ್ತಾರೆ. ಇನ್ನೊಂದು. ಅದೂ ಆಗದು. ನನಗೆ ಮೈಯೆಲ್ಲ ಉರಿದುಹೋಯಿತು.

"ರೀ! ಜನ ಕಾಯ್ತಾ ಕೂತಿದಾರೆ! ತಟ್ಟೆಗೆ ಇಡೋ ನಾಲ್ಕು ಅಡಿಕೆಗೆ ಎಷ್ಟೊತ್ತು ಮಾಡ್ತೀರಿ?"

ಅವರು ತಲೆ ಎತ್ತಲಿಲ್ಲ.

"ಸುಮ್ನಿರೇ," ಅಂದರು. "ನನ್ನ ತಂಗೀದು."